ಮೈನಸ್ ಒಂದೂವರೆ

ನಾನು ಹುಟ್ಟಿದ್ದು ಎರಡು ಕಡೆ. ಕಿವಿಗೆ ಸಿಕ್ಕಿಸುವ ಕಡ್ಡಿಗಳು, ಮೂಗಿನ ಮೇಲೆ ಕೂರುವ ಕಮಾನು, ಗಾಜು ಹಿಡಿಯುವ ಬಳೆಗಳು, ಇವೆಲ್ಲ ಎಲ್ಲೋ ದೂರದ ಕಾರ್ಖಾನೆಯಲ್ಲಿ ತಯಾರಾಗಿ, ನನ್ನಂಥವೇ ಇನ್ನೂ ಹನ್ನೊಂದರ ಜೊತೆ ರಟ್ಟಿನ ಡಬ್ಬಿಯಲ್ಲಿ ಮಲಗಿ ಹುಕ್ಕೇರಿಗೆ ಬಂದವು. ಗಾಜು ಮಾತ್ರ ಹುಕ್ಕೇರಿ ಬಸ್‌ಸ್ಟ್ಯಾಂಡಿನ ಎದುರು ಮಕಾನದಾರ ಚಾಚಾನ ಅಂಗಡಿಯಲ್ಲೇ ಅಂಚು ಸವೆಸಿಕೊಂಡು ನನ್ನೊಳಗೆ ಬಂದು ಕೂತಿತು. ಅಲ್ಲಿಯವರೆಗೆ ನಾನು ಬರೀ ಚೌಕಟ್ಟು. ಗಾಜು ಬಂದ ಮೇಲೆ ಕನ್ನಡಕ ಅನಿಸಿಕೊಂಡೆ. ಹಾಗಾಗಿ ಯಾವೂರು ಅಂತ ಕೇಳಿದರೆ ಹುಕ್ಕೇರಿ ಅಂತಲೇ ಹೇಳುತ್ತೇನೆ.

ನನ್ನ ನಂಬರು ಬಲಕ್ಕೆ ಮೈನಸ್ ಒಂದೂವರೆ, ಎಡಕ್ಕೆ ಮೈನಸ್ ಒಂದೂಕಾಲು. ಹೇಳಿಕೊಳ್ಳುವಂಥ ನಂಬರೇನಲ್ಲ. ಕಪಾಟಿನ ಮೇಲಿನ ಸಾಲಿನಲ್ಲಿ ಆರು, ಏಳು ನಂಬರಿನ ದಪ್ಪ ಗಾಜಿನ ಹಿರಿಯರಿದ್ದರು. ನನ್ನನ್ನು ನೋಡಿದರೆ ಅವರಿಗೆ ತಾತ್ಸಾರ. ಇರಲಿ ಬಿಡಿ, ನನಗೂ ನನ್ನದೇ ಆಸೆಗಳಿದ್ದವು. ಒಬ್ಬ ಶಾಲೆ ಮಾಸ್ತರನೋ, ಬ್ಯಾಂಕಿನ ಗುಮಾಸ್ತನೋ ಸಿಗುತ್ತಾನೆ, ಬೆಳಗಿನಿಂದ ಸಂಜೆಯವರೆಗೆ ಅವನ ಮೂಗಿನ ಮೇಲೆ ಗತ್ತಿನಿಂದ ಕೂತು ಲೋಕ ನೋಡುತ್ತೇನೆ, ರಾತ್ರಿ ಮೆತ್ತನೆ ಡಬ್ಬಿಯಲ್ಲಿ ಮಲಗುತ್ತೇನೆ ಅಂದುಕೊಂಡಿದ್ದೆ. ಬಂದವನು ಲಗಮಪ್ಪ.

ಇಪ್ಪತ್ತೊಂದರ ಹುಡುಗ, ವಾರದ ಹಿಂದೆ ಹೆಸರು ಹೇಳದೆ ಕಣ್ಣಿನ ಅಳತೆ ಕೊಟ್ಟು ಹೋಗಿದ್ದವನು. ತಲೆಗೂದಲು ಮೊಟಕಾಗಿ ಕತ್ತರಿಸಿತ್ತು, ಬೆನ್ನು ನೆಟ್ಟಗಿತ್ತು. ಒಳಗೆ ಬಂದವನೇ ಮೂರು ಸಲ ಹಿಂದಕ್ಕೆ ತಿರುಗಿ ಬಾಗಿಲು ನೋಡಿದ. ಚಾಚಾ ಪುಸ್ತಕ ತೆರೆದು ಹೆಸರು ಕೇಳಿದರು.

"ಹೆಸರ ಬರಿಯೂದ ಬ್ಯಾಡ ಚಾಚಾ."

"ಯಾಕಪಾ, ಚಾಳೀಸ ಒಯ್ಯಾಕ ಬಂದೀಯೋ, ಕಳವು ಮಾಡಾಕ ಬಂದೀಯೋ?"

ಅವನು ನಗಲಿಲ್ಲ. ನನ್ನನ್ನು ಮೂಗಿಗೇರಿಸಿ ರಸ್ತೆಯ ಕಡೆ ನೋಡಿದ. ಎದುರಿಗೆ ನಿಂತ ಬಸ್ಸಿನ ಬೋರ್ಡು ಓದಿದ. ಅದರಾಚೆ ಔಷಧಿ ಅಂಗಡಿಯ ಹೆಸರು ಓದಿದ. ಅದಕ್ಕೂ ಆಚೆ ಹುಣಸೆ ಮರದ ತುದಿಯಲ್ಲಿ ಕೂತ ಕಾಗೆಯನ್ನು ನೋಡುತ್ತ ನಿಂತೇಬಿಟ್ಟ. ಅವನ ಕಣ್ಣಿನ ಬಿಸಿ ನನ್ನ ಗಾಜಿಗೆ ತಾಗಿತು. ಇವನಿಗೆ ನಾನು ಎಷ್ಟು ಬೇಕಾಗಿದ್ದೇನೆ ಅಂತ ಹಿಗ್ಗಿದೆ. ಮರುಕ್ಷಣ ಕಿತ್ತು ತೆಗೆದು, ಒಂದು ಕಾಲುಚೀಲದೊಳಗೆ ತುರುಕಿ, ಚೀಲದ ತಳಕ್ಕೆ ಇಳಿಸಿದ. ನನ್ನ ಮೊದಲ ಮನೆ ಕಾಲುಚೀಲ. ಅದೂ ತೊಳೆದದ್ದಲ್ಲ.

ಅವನ ಕಥೆ ನನಗೆ ತುಂಡು ತುಂಡಾಗಿ ತಿಳಿಯಿತು. ಲಗಮಪ್ಪ ಸೈನ್ಯದ ಜವಾನ. ಸೇರಿ ಮೂರು ವರ್ಷ. ಸೇರುವಾಗ ಕಣ್ಣು ಗಟ್ಟಿ ಇದ್ದವು. ಆ ವರ್ಷ ಗುಂಡು ಹಾರಿಸುವ ಮೈದಾನದಲ್ಲಿ ದೂರದ ಗುರಿಯ ಅಂಚು ಹಿಂಜಿದಂತೆ ಕಾಣತೊಡಗಿತು. ಕಣ್ಣು ಅರ್ಧ ಮುಚ್ಚಿ ನೋಡುವುದನ್ನು ರೂಢಿ ಮಾಡಿಕೊಂಡ. ಪಲ್ಟಣದಲ್ಲಿ ಮೇಲಿನವರಾರಿಗೂ ಹೇಳಲಿಲ್ಲ. ಹೇಳಿದ್ದರೆ ಸರ್ಕಾರವೇ ಒಂದು ಕನ್ನಡಕ ಕೊಟ್ಟು ಕೆಲಸದಲ್ಲಿ ಇಟ್ಟುಕೊಳ್ಳುತ್ತಿತ್ತು. ಆದರೆ ಅವನಿಗೆ ಬರೀ ಜವಾನನಾಗಿ ಇರುವುದು ಬೇಕಿರಲಿಲ್ಲ. ಅವನಿಗೆ ಕಮಾಂಡೊ ಆಗಬೇಕಿತ್ತು. ಕೆಂಗಂದು ಬಣ್ಣದ ಟೋಪಿ ಹಾಕಿ ವಿಮಾನದಿಂದ ಜಿಗಿಯುವ ಆ ಪಡೆಗೆ ಕನ್ನಡಕದವರು ಹೋಗುವಂತಿಲ್ಲ ಅಂತ ಅವನಿಗೆ ಗೊತ್ತಿತ್ತು.

ಆ ಹುಚ್ಚು ಹತ್ತಿದ್ದಕ್ಕೆ ಒಂದು ಕಾರಣವಿತ್ತು. ಇವನಿಗೆ ಹದಿನಾಲ್ಕೋ ಹದಿನೈದೋ ಇದ್ದಾಗ ಹಿರಣ್ಯಕೇಶಿ ಹೊಳೆ ಊರಿಗೆ ನುಗ್ಗಿತು. ತಂದೆ ತೀರಿಹೋಗಿ ಆಗಲೇ ವರ್ಷಗಳಾಗಿದ್ದವು. ತಾಯಿ ನೀಲವ್ವ, ಅಣ್ಣ ಬಾಳೇಶ, ಇವನು, ಮೂವರೂ ಮನೆಯ ಹೆಂಚಿನ ಮೇಲೆ ಒಂದು ಹಗಲೆಲ್ಲ ಕೂತಿದ್ದರು. ನೀಲವ್ವ ಸೆರಗು ಬಿಚ್ಚಿ ಬೀಸುತ್ತಲೇ ಇದ್ದಳು. ಹೊಳೆಯ ಆ ದಂಡೆಯಿಂದ ಕೆಂಗಂದು ಟೋಪಿಯವನೊಬ್ಬ ಆ ಸೆರಗು ಕಂಡು ದೋಣಿ ತಂದ. ಅಷ್ಟು ದೂರದಿಂದ ಅವನಿಗೆ ಅದು ಹೇಗೆ ಕಂಡಿತು ಅನ್ನುವುದೇ ಲಗಮನ ತಲೆಯಲ್ಲಿ ಕೂತುಬಿಟ್ಟಿತು. ಈಗ ತನ್ನ ಕಣ್ಣು ಮಂಜಾದ ಮೇಲಂತೂ ಬೇರೆ ಯೋಚನೆಯೇ ಇಲ್ಲ. ಒಮ್ಮೆ ಮನೆಯ ಹೆಂಚು ಹತ್ತಿ, ನನ್ನನ್ನು ಹಾಕಿಕೊಂಡು ಹೊಳೆಯ ಆಚೆ ದಂಡೆ ನೋಡಿದ. ಅಲ್ಲಿ ಒಬ್ಬಾಕೆ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ತೆಗೆದು ನೋಡಿದ. ಆಕೆ ಇಲ್ಲ, ಬರೀ ಒಂದು ಬಣ್ಣ. ಹಾಕಿದ, ತೆಗೆದ, ಹಾಕಿದ, ತೆಗೆದ. ನನ್ನ ಕಡ್ಡಿಯ ಸ್ಕ್ರೂ ಸಡಿಲಾದದ್ದು ಅವತ್ತೇ.

ಅವನ ಜೊತೆ ನಾನು ಇದ್ದದ್ದು ಹತ್ತು ತಿಂಗಳು. ಆ ಹತ್ತು ತಿಂಗಳಲ್ಲಿ ಒಂದು ಕಡೆ ನೆಟ್ಟಗೆ ಕೂತ ನೆನಪಿಲ್ಲ. ಕಾಲುಚೀಲದಿಂದ ಟ್ರಂಕಿಗೆ, ಟ್ರಂಕಿನಿಂದ ದಿಂಬಿನ ಗವಸಿಗೆ, ಅಲ್ಲಿಂದ ಬೂಟಿನೊಳಗೆ. ತಪಾಸಣೆ ಇದ್ದ ದಿನ ಒಮ್ಮೆ ಮೈಸೋಪಿನ ಡಬ್ಬಿಗೂ ಹೋದೆ. ವಾರಕ್ಕೊಮ್ಮೆ ಯಾರೂ ಇಲ್ಲದಾಗ ತೆಗೆದು ಎರಡು ನಿಮಿಷ ಗುಡ್ಡದ ಕಡೆ ನೋಡಿ ಮತ್ತೆ ಒಳಗಿಡುತ್ತಿದ್ದ. ಹೆಜ್ಜೆ ಸಪ್ಪಳವಾದರೆ ಸಾಕು, ನನ್ನನ್ನು ಮುಷ್ಟಿಯಲ್ಲಿ ಹಿಚುಕಿಬಿಡುತ್ತಿದ್ದ. ಅವನ ಜೀವ ಹೇಗೆ ಹಾರುತ್ತಿತ್ತೋ ನನ್ನದೂ ಹಾಗೇ ಹಾರುತ್ತಿತ್ತು. ಇವನ ಗುಟ್ಟು ಹೊರಗೆ ಬಿದ್ದರೆ ಅದು ನನ್ನಿಂದಲೇ ಬೀಳಬೇಕು ಅನ್ನುವ ಭಯ ನನಗೂ ಹಿಡಿದಿತ್ತು.

ಲೇಸರ್ ಮಾತು ತಂದವನು ಬೀರಪ್ಪ. ಲಗಮನ ಪಕ್ಕದ ಮಂಚದವನು, ರಾಯಬಾಗ ಕಡೆಯವನು, ಎಲ್ಲವೂ ಗೊತ್ತಿದೆ ಅನ್ನುವ ಜಾತಿ. ಪಲ್ಟಣದಲ್ಲಿ ಲಗಮ ಅವನೊಬ್ಬನಿಗೆ ಗುಟ್ಟು ಹೇಳಿದ್ದ.

"ಲೇಸರ್ ಹೊಡಿಸಿದ್ರ ಕಣ್ಣ ಹೊಸಾದಾಗತಾವ," ಅಂದ ಬೀರಪ್ಪ. "ಆದ್ರ ನಿನ್ನ ಹೆಸರ್ಲೆ ಮಾತ್ರ ಹೊಡಿಸಬ್ಯಾಡ. ಆಧಾರ್ ನಂಬರ ಕೊಟ್ಟಿ ಅಂದ್ರ ಮುಗೀತು, ಆಸ್ಪತ್ರಿ ಕಂಪ್ಯೂಟರ್‌ದಾಗಿಂದು ಸೀದಾ ಸೈನ್ಯದ ಕಂಪ್ಯೂಟರ್‌ಗೆ ಹೋಗತೈತಿ. ನಿಮ್ಮಣ್ಣ ಅದಾನಲ್ಲ, ಅವನ ಕಾರ್ಡ ತಗೋ."

ಯಾರನ್ನಾದರೂ ಕೇಳಬಹುದಿತ್ತು. ಪಲ್ಟಣದಲ್ಲೇ ಡಾಕ್ಟರ್ ಇದ್ದರು. ಕೇಳಿದರೆ ಕಣ್ಣಿನ ಸುದ್ದಿ ಹೊರಬೀಳುತ್ತದೆ ಅಂತ ಲಗಮ ಕೇಳಲಿಲ್ಲ. ಬೀರಪ್ಪನ ಮಾತು ಅವನಿಗೆ ವೇದವಾಯಿತು.

ಬಾಳೇಶ ಲಗಮನಿಗಿಂತ ಒಂದೂವರೆ ವರ್ಷ ದೊಡ್ಡವನು. ಊರಲ್ಲಿ ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು. ಮುಖ ಒಂದೇ ಅಚ್ಚಿನದು, ಸ್ವಭಾವ ಮಾತ್ರ ಬೇರೆ. ತಮ್ಮ ಕೇಳಿದ್ದಕ್ಕೆ ಇಲ್ಲ ಅಂದವನಲ್ಲ. ಲಗಮ ರಜೆಯ ಮೇಲೆ ಬಂದಾಗ ಇಬ್ಬರೂ ಹುಬ್ಬಳ್ಳಿಯ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಗೆ ಹೋದರು. ನಾನು ಲಗಮನ ಜೇಬಿನಲ್ಲಿದ್ದೆ. ನರ್ಸ್ ಬಾಗಿಲಲ್ಲಿ ನಿಂತು "ಬಾಳೇಶ ಯಾರ್ರೀ" ಅಂತ ಕೂಗಿದಳು. ಲಗಮ ಗೋಡೆಯ ಚಿತ್ರ ನೋಡುತ್ತ ಕೂತಿದ್ದ. ಎರಡನೇ ಸಲ ಕೂಗಿದಾಗ ಬಾಳೇಶ ಎದ್ದು ನಿಂತು ಒಳಗೆ ನಡೆದೇಬಿಟ್ಟಿದ್ದ. ಲಗಮ ಅಂಗಿ ಹಿಡಿದು ಎಳೆದು ಕೂರಿಸಿದ. ಆಮೇಲೆ ಇಬ್ಬರಿಗೂ ನಗು ತಡೆಯಲಾಗದೆ ನರ್ಸ್ ಬೈದಳು.

ಅಳತೆಗಳೆಲ್ಲ ಆದವು. ಕಣ್ಣುಗುಡ್ಡೆಯ ಮೇಲಿನ ಗಾಜಿನಂಥ ಪೊರೆ ಎಷ್ಟು ದಪ್ಪ ಇದೆ, ಒಳಗೆ ಪರದೆ ಹೇಗಿದೆ, ಎಲ್ಲ ಸರಿ ಅಂದರು. ಮರುದಿನ ಬೆಳಿಗ್ಗೆ ನನ್ನನ್ನು ಬಾಳೇಶನ ಕೈಗೆ ಕೊಟ್ಟು ಲಗಮ ಒಳಗೆ ಹೋದ. ಅರ್ಧ ಗಂಟೆಯೂ ಆಗಿರಲಿಕ್ಕಿಲ್ಲ, ಕಣ್ಣಿಗೆ ತೂತಿನ ಬಿಲ್ಲೆ ಅಂಟಿಸಿಕೊಂಡು ಹೊರಗೆ ಬಂದ.

"ಬ್ಯಾನಿ ಆತೇನೋ?"

"ಇಲ್ಲ. ದೀಪ ನೋಡು ಅಂದ್ರು, ನೋಡಿದೆ. ಕೂದಲ ಸುಟ್ಟಂಗ ವಾಸನಿ ಬಂತು. ಅಷ್ಟ."

ಅಷ್ಟೇ. ಹತ್ತು ತಿಂಗಳು ನಾನು ಮಾಡಿದ ಕೆಲಸವನ್ನು ಒಂದು ದೀಪ ನಿಮಿಷದಲ್ಲಿ ಮುಗಿಸಿತ್ತು. ಮರುದಿನ ಬಿಲ್ಲೆ ತೆಗೆದಾಗ ಲಗಮ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ರಸ್ತೆಯ ಆ ತುದಿಯ ಅಂಗಡಿಗಳ ಹೆಸರನ್ನೆಲ್ಲ ಗಟ್ಟಿಯಾಗಿ ಓದಿದ. ಬಾಳೇಶ ಅವನ ಬೆನ್ನು ತಟ್ಟಿದ. ನನಗೂ ಸಂತೋಷವಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಹೊಟ್ಟೆ ಉರಿಯಿತು. ಲಗಮ ನನ್ನ ಕಡೆ ನೋಡದೆ, "ಅದನ್ನ ಎಲ್ಯರ ಒಗದಬಿಡು ಅಣ್ಣಾ," ಅಂದ.

ಬಾಳೇಶ ಒಗೆಯಲಿಲ್ಲ. ಒಂದು ನಟ್ಟು ಬೋಲ್ಟನ್ನೂ ಬಿಸಾಡದ ಮನುಷ್ಯ ಅವನು. ತಂದು ತಾಯಿಯ ಕೈಗೆ ಕೊಟ್ಟ. ಮಕ್ಕಳು ಹುಬ್ಬಳ್ಳಿಗೆ ಹೊರಟಾಗಲೇ ನೀಲವ್ವ ಹರಕೆ ಹೊತ್ತಿದ್ದಳು. ನಮ್ಮ ಕಡೆ ಕಣ್ಣಿಗೆ ತೊಂದರೆಯಾದರೆ ದೇವಿಗೆ ಬೆಳ್ಳಿಯ ಕಣ್ಣು ಮಾಡಿಸಿ ಅರ್ಪಿಸುವ ಪದ್ಧತಿ ಇದೆ. ಊರ ದೇವಿ ಲಗಮವ್ವನ ಗುಡಿಯಲ್ಲಿ, ಗರ್ಭಗುಡಿಯ ಬಾಗಿಲ ಮೇಲೆ ಅಡ್ಡ ಕಟ್ಟಿದ ತಂತಿಗೆ ಅಂಥ ಹತ್ತಾರು ಬೆಳ್ಳಿ ಕಣ್ಣುಗಳು ತೂಗುತ್ತಿದ್ದವು. ನೀಲವ್ವ ಒಂದು ಜೊತೆ ಹೊಸ ಕಣ್ಣು ಮಾಡಿಸಿ ಕಟ್ಟಿದಳು, ಅದರ ಪಕ್ಕ ನನ್ನನ್ನೂ ಕಟ್ಟಿಬಿಟ್ಟಳು. "ಇನ್ನ ಇದು ನಿಂದ, ನನ್ನ ಮಗನಿಗೆ ತಿರುಗಿ ಬರೂದ ಬ್ಯಾಡ," ಅಂತ ದೇವಿಗೆ ಹೇಳಿದಳು.

ಗುಡಿಯೆಂದರೆ ನೆಮ್ಮದಿ ಅಂದುಕೊಂಡೆ. ಎಲ್ಲಿಯ ನೆಮ್ಮದಿ. ಯಾರು ಗಂಟೆ ಬಾರಿಸಿದರೂ ತಂತಿ ನಡುಗುತ್ತಿತ್ತು, ತಂತಿ ನಡುಗಿದರೆ ನಾನು ಗಿರ್ರೆಂದು ತಿರುಗುತ್ತಿದ್ದೆ. ಒಮ್ಮೆ ದೇವಿಯ ಮುಖ ಕಾಣುತ್ತಿತ್ತು, ಒಮ್ಮೆ ಹೊರಗಿನ ಕಟ್ಟೆ. ಮನೆಯ ಸುದ್ದಿ ಮಾತ್ರ ತಪ್ಪದೆ ಸಿಗುತ್ತಿತ್ತು. ನೀಲವ್ವ ಮಂಗಳವಾರ, ಶುಕ್ರವಾರ ಗುಡಿ ಕಸ ಹೊಡೆಯಲು ಬರುತ್ತಿದ್ದಳು, ಕಸಬರಿಗೆ ಆಡಿಸುತ್ತಲೇ ದೇವಿಗೆ ಎಲ್ಲ ವರದಿ ಒಪ್ಪಿಸುತ್ತಿದ್ದಳು.

ಹೀಗೆ ತಿಳಿದ ಮೊದಲ ಸುದ್ದಿ ಬಾಳೇಶನ ಮದುವೆಯದು. ಯಮಕನಮರಡಿಯ ಹೆಣ್ಣು ಹೆಚ್ಚುಕಡಿಮೆ ಗೊತ್ತಾಗಿತ್ತು. ಹೆಣ್ಣಿನ ಸೋದರಮಾವ ಮನೆ ನೋಡಲು ಬಂದ ದಿನವೇ ಆಸ್ಪತ್ರೆಯವರು ಬಾಳೇಶನಿಗೆ ಫೋನು ಮಾಡಬೇಕೇ. "ಬಾಳೇಶ ಅವರೇ, ಕಣ್ಣು ಹೇಗಿದೆ, ಹನಿ ಹಾಕಿಕೊಳ್ಳುತ್ತಿದ್ದೀರಾ" ಅಂತ. ಕೈಯೆಲ್ಲ ಗ್ರೀಸು ಅಂತ ಬಾಳೇಶ ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟಿದ್ದ. ಸೋದರಮಾವ ಕೇಳಿಸಿಕೊಂಡ. ಅಷ್ಟು ಸಾಲದೆಂಬಂತೆ ಗೋಡೆಯ ಮಾಡದಲ್ಲಿದ್ದ ಹನಿ ಔಷಧದ ಚೀಟಿಯಲ್ಲೂ ಬಾಳೇಶ ಅಂತಲೇ ಇತ್ತು. ಅದು ತಮ್ಮನದು ಅಂದರೆ ತಮ್ಮನ ಗುಟ್ಟು ಹೋಗುತ್ತದೆ. ಬಾಳೇಶ ಬಾಯಿ ಬಿಡಲಿಲ್ಲ. ಗಂಡಿಗೆ ಕಣ್ಣಿನ ರೋಗ ಇದೆಯಂತೆ ಅಂತ ಅವರು ಮಾತು ಅಲ್ಲಿಗೇ ನಿಲ್ಲಿಸಿದರು. ನೀಲವ್ವ ಅದನ್ನು ದೇವಿಗೆ ಹೇಳುವಾಗ ಕಸಬರಿಗೆ ಎಸೆದು ಕೂತುಬಿಟ್ಟಿದ್ದಳು.

ವರ್ಷ ಕಳೆಯಿತು. ಪಲ್ಟಣದಿಂದ ಕಮಾಂಡೊ ಪಡೆಗೆ ಹೆಸರು ಕಳಿಸುವಾಗ ಲಗಮನ ಹೆಸರೂ ಹೋಯಿತು. ಒಬ್ಬನ ಹೆಸರು ಒಂದೇ ಸಲ ಕಳಿಸುತ್ತೇನೆ, ಎರಡನೇ ಸಲ ಬಂದು ಕೇಳಬೇಡಿ ಅಂತ ಅವರ ಸುಬೇದಾರರು ಮೊದಲೇ ಹೇಳಿದ್ದರು. ಓಟ, ಈಜು, ಭಾರ ಹೊತ್ತು ನಡೆಯುವುದು ಎಲ್ಲದರಲ್ಲೂ ಲಗಮ ಮುಂದೆ ಬಂದ. ಉಳಿದದ್ದು ಕಣ್ಣಿನ ಪರೀಕ್ಷೆ ಒಂದೇ. ನೀಲವ್ವ ಆ ವಾರ ನಾಲ್ಕು ದಿನ ಕಸ ಹೊಡೆದಳು.

ಆಮೇಲಿನ ಶುಕ್ರವಾರ ಬೆಳಿಗ್ಗೆ ಲಗಮನೇ ಗುಡಿಗೆ ಬಂದ. ಮುಖ ಸುಟ್ಟ ಬದನೆಕಾಯಿ ಆಗಿತ್ತು. ಬಾಳೇಶ ಗ್ಯಾರೇಜಿನಿಂದ ಎದ್ದು ಬಂದಿದ್ದ. ಇಬ್ಬರೂ ನನ್ನ ಕೆಳಗೇ ಕಟ್ಟೆಯ ಮೇಲೆ ಕೂತರು.

"ಎಂದರ ಕಣ್ಣಿಂದು ಆಪರೇಷನ್ ಆಗೈತೇನು ಅಂತ ಕೇಳಿದ್ರು. ಇಲ್ಲ ಅಂದೆ. ಆಮ್ಯಾಲ ಮಷೀನಿನ ಮುಂದ ಗದ್ದ ಇಡಿಸಿ ನೋಡಿದ್ರು. ಕಣ್ಣಗುಡ್ಡಿ ಮ್ಯಾಲ ದುಂಡನ ಗಾಯದ ಗೆರಿ ಐತಿ ಅಂದ್ರು."

"ನಮಗೇನ ಕಾಣೂದಿಲ್ಲಲ್ಲೋ."

"ಮಷೀನಿಗೆ ಕಾಣತೈತಿ ಅಣ್ಣಾ." ಲಗಮ ನೆಲ ನೋಡುತ್ತ ಹೇಳಿದ. "ಇನ್ನೊಂದ ಕೇಳು. ಲೇಸರ್ ಆದವ್ರನ್ನೂ ತಗೋತಾರಂತ. ಕೇಳಿ ಮಾಡಿಸಬೇಕು, ವರ್ಷ ದಾಟಿರಬೇಕು, ಆಪರೇಷನ್ ಕಾಗದ ಇರಬೇಕು, ಮದಲ ಎಷ್ಟ ನಂಬರ ಇತ್ತು ಅನ್ನೂದ ತೋರಸಬೇಕು. ಹದಿನೈದ ದಿನ ಟೈಮ್ ಕೊಟ್ಟಾರ. ಕಾಗದ ತಾ, ಹಳೇ ಚಾಳೀಸ ಇದ್ರ ಅದನ್ನೂ ತಾ ಅಂದಾರ."

ಬಾಳೇಶ ತಮ್ಮನ ಕಡೆ ತಿರುಗಿದ. "ಹಂಗಾದ್ರ ಕದ್ದು ಮಾಡಿದ್ದ ಯಾಕ?"

"ಬೀರಪ್ಪ ಹೇಳಿದ್ದ."

"ಲೇಸರ್ ಅವನ ತಲಿಗೆ ಹೊಡಿಸಬೇಕಿತ್ತು."

ಲಗಮ ಅಂಗಿಯೊಳಗಿನಿಂದ ಮಡಚಿದ ಛಾಪಾ ಕಾಗದ ತೆಗೆದ. ಹುಕ್ಕೇರಿ ಕೋರ್ಟಿನ ಎದುರು ಟೈಪ್ ಮಾಡುವ ಹಿರೇಮಠರು ಬರೆದುಕೊಟ್ಟದ್ದು. ಶಾಲೆಯಲ್ಲಿ ಒಂದು ಹೆಸರು, ಹೊಲದ ಪಹಣಿ ಉತಾರದಲ್ಲಿ ಒಂದು ಹೆಸರು ಇರುವವರು ನಮ್ಮಲ್ಲಿ ಮನೆಗೊಬ್ಬರು. ಎರಡೂ ಹೆಸರು ನನ್ನವೇ ಅಂತ ಅವರು ಬರೆಸುವ ಪ್ರಮಾಣಪತ್ರ ಅದು. ದಿನಕ್ಕೆ ಹತ್ತು ಮಾಡುತ್ತೇನೆ, ಇದೇನು ದೊಡ್ಡದು ಅಂದಿದ್ದರಂತೆ ಹಿರೇಮಠರು. ಬಾಳೇಶ ಉರ್ಫ್ ಲಗಮಪ್ಪ. ಎರಡೂ ಹೆಸರಿನ ವ್ಯಕ್ತಿ ಒಬ್ಬನೇ. ಕೆಳಗೆ ಬಾಳೇಶನೂ ಒಪ್ಪಿ ಸಹಿ ಹಾಕಬೇಕಿತ್ತು.

ಬಾಳೇಶ ಎರಡು ಸಲ ಓದಿದ. "ಇದಕ್ಕ ಸಹಿ ಮಾಡಿದ್ರ ನೀ ಕಮಾಂಡೊ ಆಗತಿ?"

"ಆಗತೇನಿ."

"ತಾ ಹಂಗಾರ ಪೆನ್ನ."

ಯಮಕನಮರಡಿಯ ಹೆಣ್ಣು ಇನ್ನೂ ಅವನ ಮನಸ್ಸಿನಲ್ಲಿದ್ದಳು ಅಂತ ನನಗೆ ಗೊತ್ತು, ನೀಲವ್ವ ದೇವಿಗೆ ಹೇಳಿದ್ದಳು. ಸಹಿ ಹಾಕಿದರೆ ನಿಜ ಹೇಳಿ ಆ ಸಂಬಂಧ ಕೂಡಿಸುವ ದಾರಿಯೂ ಮುಚ್ಚುತ್ತಿತ್ತು. ಆದರೂ ಪೆನ್ನಿಗೆ ಕೈ ಚಾಚಿದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಆಗ ಕಂಬದ ಆಚೆಯಿಂದ ಬರುತ್ತಿದ್ದ ಕಸಬರಿಗೆಯ ಸದ್ದು ನಿಂತಿತು.

"ಅದರಾಗ ಏನ ಬರದಾರ ಓದು. ನನಗೂ ತಿಳೀಲಿ," ಅಂದಳು ನೀಲವ್ವ.

ಲಗಮ ಓದಿದ. ಅರ್ಧಕ್ಕೆ ಬರುವಷ್ಟರಲ್ಲಿ ಅವನ ದನಿ ಇಳಿದಿತ್ತು.

"ಆ ಕಾಗದದಾಗ ನನಗ ಮಕ್ಕಳು ಎಷ್ಟ ಮಂದಿ?"

ಲಗಮ ಕಾಗದ ಮಡಚಲು ಹೋದ, ನೀಲವ್ವ ಬಿಡಲಿಲ್ಲ.

"ಒಬ್ಬನ. ಹಂಗಾರ ಇನ್ನೊಬ್ಬ ಎಲ್ಲಿ ಹೋದ?"

"ಎಲ್ಲೂ ಹೋಗೂದಿಲ್ಲ ಯವ್ವಾ. ಅದು ಬರೇ ಕಾಗದ," ಅಂದ ಲಗಮ.

"ಹುಬ್ಬಳ್ಳಿಗೆ ಹೋಗೂ ಮುಂದೂ ಬರೇ ಕಾಗದ ಅಂದಿದ್ದಿ. ಆ ಬರೇ ಕಾಗದಕ್ಕ ಇವನ ಲಗ್ನ ನಿಂತು. ನಿನ್ನ ಕಮಾಂಡೊ ಆಗೂದೂ ನಿಂತು." ನೀಲವ್ವ ಮಕ್ಕಳ ಎದುರು ಬಂದು ನೆಲಕ್ಕೆ ಕೂತಳು. "ಹೊಳಿ ಬಂದಾಗ ಆ ಟೋಪಿ ಸಾಹೇಬ ದೋಣ್ಯಾಗ ನಿಂತು ನನ್ನ ಏನ ಕೇಳಿದಾ, ನೆನಪೈತೇನು ನಿನಗ? ಅವಂಗ ನಮ್ಮ ಮಾತ ಬರತಿದ್ದಿಲ್ಲ. ಬೆರಳ ತೋರಿಸಿ ಕೇಳಿದ, ಎಷ್ಟ ಮಂದಿ ಅಂತ. ನೀವಿಬ್ಬರೂ ಹೆಂಚಿನ ಆ ಕಡೆ ಇದ್ದಿರಿ, ಅವಂಗ ಕಾಣತಿದ್ದಿಲ್ಲ. ನಾ ಮೂರ ಬೆರಳ ತೋರಿಸಿದೆ. ಎರಡ ತೋರಿಸಿದ್ರ ಇಬ್ಬರನ್ನ ಹತ್ತಿಸಿಕೊಂಡು ಹೋಗತಿದ್ದ. ಅಂವ ನಮ್ಮನ್ನ ನೋಡಿದ್ದು ತನ್ನ ಕಣ್ಣಿಂದ ಅಷ್ಟ ಅಲ್ಲೋ ಲಗಮಾ. ನಾ ಹೇಳಿದ್ದನ್ನ ನಂಬಿದ."

ಲಗಮ ಕಾಗದವನ್ನು ತೊಡೆಯ ಮೇಲಿಟ್ಟ. ಅವನು ಅತ್ತ. ಸೈನ್ಯಕ್ಕೆ ಸೇರಿದ ಮೇಲೆ ಅತ್ತದ್ದು ಅದೇ ಮೊದಲಂತೆ. ಬಾಳೇಶ ಕಾಗದ ಕಿತ್ತುಕೊಂಡು ಜೇಬಿಗಿಟ್ಟ. ಮುಂದೆ ಅದು ಗ್ಯಾರೇಜಿನಲ್ಲಿ ಗ್ರೀಸು ಒರೆಸಲು ಬಂತು.

ನೀಲವ್ವ ಎದ್ದು ಹೊಸ್ತಿಲ ಮೇಲೆ ನಿಂತು ತಂತಿಗೆ ಕೈ ಹಾಕಿದಳು. ಪೂಜಾರಿ ಕಾಡಪ್ಪ ಗಾಬರಿಯಾಗಿ ಬಂದ. "ಕೊಟ್ಟ ಹರಕಿ ತಿರುಗಿ ತಗೋಬಾರದವ್ವ. ತಾಯಿ ಸಿಟ್ಟಾಗತಾಳ."

"ಹರಕಿ ಹೊತ್ತಾಕಿ ನಾ. ಸಿಟ್ಟ ಬಂದ್ರ ನನ್ನ ಕಣ್ಣ ತಗೋಲಿ," ಅಂತ ನನ್ನನ್ನು ಬಿಚ್ಚಿ, ಸೆರಗಿನಿಂದ ಒರೆಸಿ ಲಗಮನ ಕೈಗಿಟ್ಟಳು. "ಹೋಗು. ಇದ್ದದ್ದನ್ನ ಇದ್ದಂಗ ಹೇಳು."

ಸೈನ್ಯದ ಆಸ್ಪತ್ರೆಯ ಆ ಕೋಣೆ ನನಗೆ ಚೆನ್ನಾಗಿ ನೆನಪಿದೆ. ಕಿಟಕಿಗೆಲ್ಲ ಕಪ್ಪು ಪರದೆ. ಡಾಕ್ಟರ್ ಮೇಜರ್ ಇಂದುಮತಿ, ಮೈಸೂರು ಕಡೆಯವರು, ಮೂವತ್ತೈದರ ಹತ್ತಿರ. ಲಗಮ ಆಸ್ಪತ್ರೆಯ ಕಾಗದ, ನಾನು, ಎರಡನ್ನೂ ಮೇಜಿನ ಮೇಲಿಟ್ಟು ಅಟೆನ್ಷನ್ನಿನಲ್ಲಿ ನಿಂತ. ಮೇಜರ್ ನನ್ನನ್ನು ಎತ್ತಿ ಒಂದು ಸಣ್ಣ ಯಂತ್ರದ ಬಾಯಿಗಿಟ್ಟರು. ಒಂದು ಬೆಳಕು ನನ್ನ ಗಾಜನ್ನು ಹಾದುಹೋಯಿತು. ಎಷ್ಟೋ ದಿನದ ಮೇಲೆ ಯಾರೋ ನನ್ನನ್ನು ಕೆಲಸಕ್ಕೆ ಹಚ್ಚಿದ್ದರು.

"ಬಲ ಒಂದೂವರೆ, ಎಡ ಒಂದೂಕಾಲು. ಕಾಗದದಲ್ಲೂ ಅದೇ ಇದೆ. ಆದರೆ ಈ ಬಾಳೇಶ ಯಾರು?"

ಒಂದು ಸುಳ್ಳು ಸಾಕಿತ್ತು. ಮನೆಯಲ್ಲಿ ಕರೆಯುವ ಹೆಸರು ರೀ ಅಂದುಬಿಟ್ಟರೆ ಮುಗಿಯುತ್ತಿತ್ತೇನೋ. ಆ ಸುಳ್ಳು ಹೇಳಿಬಿಡು ಅಂತ ನನ್ನ ಮನಸ್ಸೂ ಒಂದು ಕ್ಷಣ ಅಂದಿತು, ಯಾಕೆ ಮುಚ್ಚಿಡಲಿ.

"ನಮ್ಮಣ್ಣ ರೀ ಮೇಡಮ್. ಅವನ ಕಣ್ಣಿಗೆ ಏನೂ ಆಗಿಲ್ರಿ. ಆಪರೇಷನ್ ಆದದ್ದು ನನಗ. ಯಾರನ್ನೂ ಕೇಳದ, ಅವನ ಕಾರ್ಡ್ ಕೊಟ್ಟು ಮಾಡಿಸಿಕೊಂಡೇನ್ರಿ. ಹೋದ ಸಲ ನೀವು ಕೇಳಿದಾಗ ಸುಳ್ಳ ಹೇಳಿದೆ."

"ಯಾಕೆ?"

"ಹೆದರಿದ್ದೆ ರೀ."

ಮೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೌದು, ಅವರಿಗೂ ಒಂದು ಕನ್ನಡಕ ಇತ್ತು, ಹಿರಿಯ, ಗಂಭೀರ. ನಾವಿಬ್ಬರೂ ಅಕ್ಕಪಕ್ಕ ಕೂತೆವು.

"ನಿಮ್ಮ ಕಣ್ಣಲ್ಲಿ ಈಗ ಒಂದು ದೋಷವೂ ಇಲ್ಲ, ಗೊತ್ತಾ," ಅಂದರು ಮೇಜರ್. "ಅಳೆಯೋದೆಲ್ಲ ಅಳೆದಿದ್ದೀನಿ. ಪಲ್ಟಣದ ಡಾಕ್ಟರಿಗೆ ಹೇಳಿ ಮಾಡಿಸಿಕೊಂಡು, ಈ ಕಾಗದ ನಿಮ್ಮ ಹೆಸರಲ್ಲಿ ಇದ್ದಿದ್ದರೆ ಈಗಲೇ ಸಹಿ ಹಾಕಿ ಕಳಿಸ್ತಿದ್ದೆ. ಬೇರೆಯವರ ಹೆಸರಿನ ಕಾಗದದ ಮೇಲೆ ನಿಮ್ಮನ್ನ ಪಾಸ್ ಮಾಡೋಕೆ ನನ್ನಿಂದ ಆಗಲ್ಲ."

ಗುಟ್ಟು ಮುಚ್ಚಿಡಲು ಪಟ್ಟ ಪಾಡಲ್ಲಿ ಒಂದು ಪಾಲೂ ಅದನ್ನು ಬಿಚ್ಚಿ ಹೇಳಲು ಬೇಕಿರಲಿಲ್ಲ, ಅದು ಲಗಮನಿಗೆ ಆಗ ಪೂರ್ತಿ ತಿಳಿಯಿತು. ನನ್ನ ಗಾಜೊಳಗಿಂದ ಅವನ ಮುಖ ನೋಡಲಾಗಲಿಲ್ಲ.

ಮೇಜರ್ ಪೆನ್ನು ತೆಗೆದು ಅವನ ಆರೋಗ್ಯದ ಪುಸ್ತಕ ಬಿಡಿಸಿದರು. ನಾನು ಪಕ್ಕದಲ್ಲೇ ಇದ್ದೆ, ಬರೆದದ್ದನ್ನು ಕಂಡೆ. ಮೇಲೆ ಲಗಮಪ್ಪನ ಹೆಸರು, ಅವನ ನಂಬರು. ಕೆಳಗೆ, ಈ ಮೊದಲು ಕನ್ನಡಕ ಧರಿಸುತ್ತಿದ್ದ, ಬಲ ಮೈನಸ್ ಒಂದೂವರೆ, ಎಡ ಮೈನಸ್ ಒಂದೂಕಾಲು, ತಾನೇ ಒಪ್ಪಿ ಹೇಳಿದ್ದಾನೆ ಅಂತ ಬರೆದರು. ಹುಟ್ಟಿದ ದಿನ ಚಾಚಾನ ಪುಸ್ತಕದಲ್ಲೂ ನನ್ನ ಎದುರು ಹೆಸರು ಬರೆದಿರಲಿಲ್ಲ. ಅವನು ನನ್ನವನು, ನಾನು ಅವನದು ಅಂತ ಒಂದು ಕಡೆ ಬರವಣಿಗೆ ಆದದ್ದು ಅವತ್ತೇ. ಅವನು ಸೋತ ದಿನ ನನಗೆ ಖುಷಿಯಾಯಿತು ಅಂತ ಹೇಳಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ಪಲ್ಟಣದಲ್ಲಿ ಹದಿನಾಲ್ಕು ದಿನದ ಶಿಕ್ಷೆಯಾಯಿತು. ಸುಬೇದಾರರು ಎರಡು ತಿಂಗಳು ಮಾತು ಬಿಟ್ಟರು. ಲಗಮ ಕಮಾಂಡೊ ಆಗಲಿಲ್ಲ. ಮುಂದೆಯೂ ಆಗಲಿಲ್ಲ. ಈಗ ಹೊಸ ಹುಡುಗರಿಗೆ ಗುಂಡು ಹಾರಿಸುವುದು ಕಲಿಸುತ್ತಾನಂತೆ. ಗುರಿ ಹಿಂಜಿದಂತೆ ಕಂಡರೆ ಅವತ್ತೇ ಬಂದು ಹೇಳಿ ಅಂತ ಮೊದಲ ದಿನವೇ ಹೇಳುತ್ತಾನಂತೆ. ಅದನ್ನೂ ನೀಲವ್ವ ದೇವಿಗೆ ಹೇಳಿದ್ದೇ.

ಶಿಕ್ಷೆ ಮುಗಿಸಿ ರಜೆಗೆ ಬರುವಾಗ ಲಗಮ ನನ್ನನ್ನು ಅಂಗಿಯ ಮೇಲು ಜೇಬಿಗೆ, ಎಲ್ಲರಿಗೂ ಕಾಣುವ ಹಾಗೆ ಸಿಕ್ಕಿಸಿಕೊಂಡಿದ್ದ. ರೈಲಿನಲ್ಲಿ ಒಮ್ಮೆ ಹಾಕಿಕೊಂಡು ನೋಡಿದ. ಹೊರಗಿನ ಹೊಲಗಳು ಅವನಿಗೆ ಕಲಸಿಹೋದವು. ಅವನಿಗೆ ಇನ್ನು ನಾನು ಬೇಕಿರಲಿಲ್ಲ, ಆದರೂ ಮುಂದಿನ ಸ್ಟೇಷನ್ ಬರುವವರೆಗೆ ತೆಗೆಯಲಿಲ್ಲ. ಊರಿಗೆ ಹೋಗುವ ಮೊದಲು ಬಸ್ಸಿನಿಂದ ಯಮಕನಮರಡಿಯಲ್ಲಿ ಇಳಿದ. ಹೆಣ್ಣಿನ ಮನೆಯ ಪಡಸಾಲೆಯಲ್ಲಿ ಕೂತು ನನ್ನನ್ನು ಚಾಪೆಯ ಮೇಲಿಟ್ಟು, "ಕಣ್ಣ ಕೆಟ್ಟಿದ್ದು ನನ್ನೂವ್ರಿ, ನಮ್ಮಣ್ಣಂದು ಅಲ್ಲ," ಅಂದ. ಸೋದರಮಾವ ನನ್ನನ್ನು ಎತ್ತಿ, ತಿರುವಿ, ತನ್ನ ಮೂಗಿಗೇ ಹಾಕಿ ನೋಡಿದ. ಪುಣ್ಯಕ್ಕೆ ಆ ಹೆಣ್ಣಿಗೆ ಇನ್ನೂ ಬೇರೆ ಕಡೆ ಗೊತ್ತಾಗಿರಲಿಲ್ಲ. ಮದುವೆ ಆಯಿತು.

ಈಗ ನನಗೆ ವಯಸ್ಸಾಗಿದೆ. ಸ್ಕ್ರೂ ತುಕ್ಕು ಹಿಡಿದಿದೆ, ಗಾಜಿನ ಮೇಲೆ ಎಣ್ಣೆ ದೀಪದ ಮಸಿ ಕೂತಿದೆ, ಒಂದು ಕಡ್ಡಿ ಯಾವಾಗಲೋ ಉದುರಿಹೋಯಿತು. ಮತ್ತೆ ಅದೇ ಗುಡಿ, ಅದೇ ತಂತಿ. ಗಂಟೆ ಬಾರಿಸಿದರೆ ಇವತ್ತಿಗೂ ಗಿರ್ರೆಂದು ತಿರುಗುತ್ತೇನೆ. ನೆಮ್ಮದಿಯಿಂದ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಲಗಮ ರಜೆಗೆ ಬಂದಾಗ ಬಾಗಿಲಲ್ಲಿ ನಿಂತು ಮೇಲೆ ನೋಡುತ್ತಾನೆ. ಆ ನೋಟದಲ್ಲಿ ಸಂಕಟವಿದೆಯೋ ಸಮಾಧಾನವಿದೆಯೋ ನನಗೆ ಗೊತ್ತಾಗುವುದಿಲ್ಲ. ಎರಡೂ ಇರಬಹುದು. ಕಣ್ಣು ಮಾತ್ರ ಸ್ಪಷ್ಟ ಇವೆ.

ನನ್ನನ್ನು ಎರಡನೇ ಸಲ ಇಲ್ಲಿ ಕಟ್ಟಿದ ದಿನದ ಮಾತು ಹೇಳದಿದ್ದರೆ ನನ್ನ ಕಥೆ ಮುಗಿಯುವುದಿಲ್ಲ. ಬಾಳೇಶನ ಮದುವೆಯಾದ ಮರುದಿನ ಮನೆಯವರೆಲ್ಲ ಬಂದಿದ್ದರು. ನೀಲವ್ವ ದೇವಿಗೆ ಕೈ ಮುಗಿದು ತಪ್ಪೊಪ್ಪಿಕೊಂಡು ನನ್ನನ್ನು ಮೊದಲಿನ ಬೆಳ್ಳಿ ಕಣ್ಣುಗಳ ಪಕ್ಕಕ್ಕೆ ಕಟ್ಟಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಹೊಸದಾಗಿ ಮಾಡಿಸಿದ ಇನ್ನೊಂದು ಜೊತೆ ಬೆಳ್ಳಿ ಕಣ್ಣು ತೆಗೆದು ನನ್ನ ಈ ಬದಿಗೆ ಕಟ್ಟಿದಳು.

"ಇವು ಯಾರ ಹೆಸರಿಲೆ?" ಕಾಡಪ್ಪ ಕೇಳಿದ.

"ಬಾಳೇಶಂದು."

"ಬಾಳೇಶನ ಕಣ್ಣಿಗೆ ಏನಾಗಿತ್ತವ್ವ?"

"ಏನೂ ಆಗಿದ್ದಿಲ್ಲ."

"ಮತ್ಯಾಕ?"

ನೀಲವ್ವ ದಾರದ ಗಂಟನ್ನು ಇನ್ನೊಂದು ಸಲ ಬಿಗಿ ಮಾಡಿದಳು.

"ಅವನೂ ಅದಾನ ಅಂತ ತಾಯಿಗೆ ಗೊತ್ತಿರಲಿ," ಅಂದಳು.